ಅಪ್ಪನ ಸಹಿ

ಮೊನ್ನೆ ಏಳನೇ ತರಗತಿಯ ಹುಡುಗನೊಬ್ಬ ವಿಮಾನದ ಚಿತ್ರ ಬರೆದು ತಂದು ತೋರಿಸಿದ. ಮೇಲೆ ವಿಮಾನ, ಅದರೊಳಗೆ ಹೆಲ್ಮೆಟ್ ಹಾಕಿಕೊಂಡ ಪೈಲಟ್, ಕೆಳಗೆ ಎರಡು ಗುಡ್ಡ, ನಡುವೆ ಹೊಳೆ. ಚೆನ್ನಾಗಿಯೇ ಬರೆದಿದ್ದ. "ಎಲ್ಲಾ ಸರಿ ಅದ. ಇದನ್ನ ರಿಪೇರಿ ಮಾಡಿ ಮೇಲೆ ಕಳಿಸಿದಾವ ಎಲ್ಲಿದ್ದಾನ?" ಎಂದು ಕೇಳಿದೆವು. ಹುಡುಗ ಒಂದು ಗಳಿಗೆ ಚಿತ್ರ ನೋಡಿ, "ಅಂವ ಕಾಣ್ಸಂಗಿಲ್ಲ ಸಾರ್" ಅಂದ. ಇಡೀ ತರಗತಿ ನಕ್ಕಿತು. ನಾವೂ ನಕ್ಕೆವು.

ಆದರೆ ಆ ಮಾತು ಮನೆಗೆ ಬಂದ ಮೇಲೂ ತಲೆಯಿಂದ ಹೋಗಲಿಲ್ಲ. ಕಾಣಿಸದೇ ಇರುವ ಆ ಜನರಲ್ಲಿ ನಮ್ಮ ಅಪ್ಪನೂ ಒಬ್ಬರು. ಇಪ್ಪತ್ತು ವರ್ಷ ಭಾರತೀಯ ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದರು. ಅವರು ತೀರಿಕೊಂಡದ್ದು 2019ರಲ್ಲಿ. ಇಷ್ಟು ದಿನವಾದರೂ ಅವರ ಬಗ್ಗೆ ನಾಲ್ಕು ಸಾಲು ಬರೆದಿರಲಿಲ್ಲ. ಇವತ್ತು ಬರೆಯುತ್ತಿದ್ದೇವೆ. ನಾವು ಅಂದರೆ ಅಕ್ಕ ಮತ್ತು ತಮ್ಮ, ಇಬ್ಬರೂ ಕನ್ನಡ ಮಾಧ್ಯಮದ ಮೇಷ್ಟ್ರುಗಳೇ. ಅಪ್ಪನ ಹೆಸರು ಮಾತ್ರ ಹಾಕುವುದಿಲ್ಲ. ಹೆಸರು ಬರೆಸಿಕೊಳ್ಳುವುದು ಅವರಿಗೆ ಸೇರುತ್ತಿರಲಿಲ್ಲ.

ನಮ್ಮೂರು ರಾಜೋಳಿ, ತುಂಗಭದ್ರೆಯ ದಂಡೆ. ಈಗ ಜೋಗುಳಾಂಬ ಗದ್ವಾಲ ಜಿಲ್ಲೆ, ತೆಲಂಗಾಣ. ಊರಲ್ಲೊಂದು ಹಳೇ ಕೋಟೆ, ಕೋಟೆಯೊಳಗೆ ಗುಡಿಗಳು, ಓಣಿಗೆ ಹೋದರೆ ಮಗ್ಗದ ಸದ್ದು. ಗದ್ವಾಲ ಸೀರೆ ಅಂದರೆ ಎಲ್ಲರಿಗೂ ಗೊತ್ತು. ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಎರಡು ಬೇರೆ ಬೇರೆ ನೂಲನ್ನು ಬಿಟ್ಟುಹೋಗದ ಹಾಗೆ ಕೂಡಿಸುವುದೇ ಅದರ ಕೆಲಸಗಾರಿಕೆ. ನಮ್ಮಜ್ಜ ಅದನ್ನೇ ನೇಯುತ್ತಿದ್ದರು. ಮನೆಮಾತು ಕನ್ನಡ, ಬೀದಿ ಮಾತು ತೆಲುಗು, ಅಜ್ಜನ ಕಾಲಕ್ಕೆ ಕಚೇರಿ ಮಾತು ಉರ್ದು. ಹೈದರಾಬಾದ್ ಸಂಸ್ಥಾನದಲ್ಲಿ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ಕ್ಕೆ ರಾಜ್ಯಗಳ ಮರುವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಈ ತಾಲೂಕುಗಳು ಆಂಧ್ರಕ್ಕೆ ಬಂದವು. ಅಪ್ಪ ಆಗ ಹತ್ತು ವರ್ಷದ ಹುಡುಗ. "ಮನಿ ಅಲ್ಲೇ ಇತ್ತು, ಹೊಳಿ ಅಲ್ಲೇ ಇತ್ತು, ನಾವು ಮಾತ್ರ ಬ್ಯಾರೆ ರಾಜ್ಯಕ್ಕ ಹೋಗಿದ್ವಿ" ಎಂದು ಹೇಳಿ ನಗುತ್ತಿದ್ದರು. ಹೈಸ್ಕೂಲಿಗೆ ರಾಯಚೂರಿನ ಸೋದರಮಾವನ ಮನೆಯಲ್ಲಿದ್ದು ಕನ್ನಡದಲ್ಲೇ ಓದಿದರು.

1962ರ ಚೀನಾ ಯುದ್ಧದ ನಂತರ ಸೈನ್ಯಕ್ಕೆ ಜನ ಬೇಕಾಗಿದ್ದ ಕಾಲ. 1964ರಲ್ಲಿ, ಹದಿನೆಂಟು ತುಂಬುತ್ತಿದ್ದಂತೆ ಅಪ್ಪ ವಾಯುಪಡೆಗೆ ಸೇರಿದರು. ವಾಯುಪಡೆ ಅಂದರೆ ಹಾರುವುದೇ ಎಂದು ತಿಳಿದಿದ್ದ ಅಜ್ಜಿ ಮೂರು ದಿನ ಊಟ ಬಿಟ್ಟಿದ್ದರಂತೆ. ಅಪ್ಪ ಪತ್ರ ಬರೆದು ತಿಳಿಸಬೇಕಾಯಿತು: "ನಾನು ಹಾರೂದಿಲ್ಲ, ಹಾರೂದನ್ನ ಸುದ್ದ ಮಾಡೂದು ನನ್ನ ಕೆಲಸ."

ಮದರಾಸಿನ ಹತ್ತಿರದ ತಾಂಬರಂನಲ್ಲಿ ತರಬೇತಿ. ಪಾಠ ಇಂಗ್ಲಿಷಿನಲ್ಲಿ, ಬೈಗುಳ ಹಿಂದಿಯಲ್ಲಿ. ಕನ್ನಡ ಶಾಲೆಯ ಹುಡುಗ, ಮೊದಲ ತಿಂಗಳು ಒಂದಕ್ಷರ ತಲೆಗೆ ಹತ್ತಲಿಲ್ಲ. ಆಗ ಅವರೊಂದು ಉಪಾಯ ಮಾಡಿದರು. ರಾತ್ರಿ ಬ್ಯಾರಕ್ಕಿನಲ್ಲಿ ಕುಳಿತು ಅಂದಿನ ಪಾಠವನ್ನು ಕನ್ನಡದಲ್ಲಿ ತಮಗೇ ಹೇಳಿಕೊಂಡು ಬರೆಯುತ್ತಿದ್ದರು. ಜೆಟ್ ಎಂಜಿನ್ನಿನ ಪಾಠ ಅವರ ನೋಟ್‌ಬುಕ್ಕಿನಲ್ಲಿ ನಾಲ್ಕೇ ಮಾತು: "ಎಳಿ, ಒತ್ತು, ಸುಡು, ಊದು." ಮುಂದಿನಿಂದ ಗಾಳಿ ಎಳೆದುಕೊಳ್ಳುವುದು, ಕಂಪ್ರೆಸರ್ ಅದನ್ನು ಒತ್ತುವುದು, ಎಣ್ಣೆ ಬೆರೆಸಿ ಸುಡುವುದು, ಬಿಸಿಗಾಳಿ ಟರ್ಬೈನನ್ನು ತಿರುಗಿಸಿ ಹಿಂದಿನಿಂದ ಜೋರಾಗಿ ಊದಿಕೊಂಡು ಹೋಗುವುದು. ಆ ಟರ್ಬೈನೇ ಮುಂದಿನ ಕಂಪ್ರೆಸರನ್ನೂ ತಿರುಗಿಸುತ್ತದೆ. ವಿಮಾನ ಮುಂದಕ್ಕೆ ಹೋಗುವುದು ಆ ಊದುವಿಕೆಯಿಂದ. ಇವತ್ತಿಗೂ ನಾವು ವಿಜ್ಞಾನದ ಪಾಠದಲ್ಲಿ ಮಕ್ಕಳಿಗೆ ಹೇಳುವುದು ಆ ನಾಲ್ಕು ಮಾತನ್ನೇ. ಯಾವ ಮಗುವೂ ಮರೆತದ್ದಿಲ್ಲ.

ತರಬೇತಿ ಮುಗಿಸಿ ಅಪ್ಪ ಹೋದದ್ದು ನ್ಯಾಟ್ ವಿಮಾನಗಳ ಸ್ಕ್ವಾಡ್ರನ್ನಿಗೆ. ನ್ಯಾಟ್ ಅಂದರೆ ಗುಂಗಾಡು. ಹೆಸರಿಗೆ ತಕ್ಕ ಹಾಗೆ ಬಲು ಚಿಕ್ಕದು, ಒಬ್ಬನೇ ಕೂಡುವಂಥದ್ದು. ಎರಡು ರೆಕ್ಕೆಯ ತುದಿಯಿಂದ ತುದಿಗೆ ಏಳು ಮೀಟರ್ ಕೂಡ ಇಲ್ಲ, ನಮ್ಮ ಒಂದು ತರಗತಿ ಕೋಣೆಯಷ್ಟು. ಇಂಗ್ಲೆಂಡಿನ ಫೋಲಂಡ್ ಕಂಪನಿಯ ವಿನ್ಯಾಸ. ಆದರೆ ಲೈಸೆನ್ಸ್ ಪಡೆದು ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಿಸುತ್ತಿದ್ದರು, ಅದರ ಆರ್ಫಿಯಸ್ ಎಂಜಿನ್ ಕೂಡ ಅಲ್ಲಿಯದೇ. ಏಳು ಹಂತದ ಕಂಪ್ರೆಸರ್, ಸುತ್ತಲೂ ಏಳು ಉರಿ ಡಬ್ಬಿ, ಹಿಂದೆ ಒಂದು ಹಂತದ ಟರ್ಬೈನ್. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಕೆಡವಿ ಹೆಸರು ಮಾಡಿದ್ದು ಇದೇ ಗುಂಗಾಡು. ಪಂಜಾಬಿ, ಬಂಗಾಳಿ, ಮಲಯಾಳಿಗಳ ನಡುವೆ ಅಪ್ಪ ಎದೆಯುಬ್ಬಿಸಿ ಹೇಳುತ್ತಿದ್ದ ಮಾತು ಒಂದೇ: "ಇದು ನಮ್ಮ ಬೆಂಗಳೂರಿಂದು."

ನಾವು ಚಿಕ್ಕವರಿದ್ದಾಗ ಕೇಳಿದ್ದೆವು: "ಅಪ್ಪಾ, ಯುದ್ಧದಾಗ ನೀ ಎಷ್ಟು ವಿಮಾನ ಬೀಳಿಸಿದಿ?" ಅಪ್ಪ ಹೇಳಿದ್ದು: "ಬೀಳಸೂದು ನನ್ನ ಕೆಲಸ ಅಲ್ಲವ್ವಾ. ಬೀಳದ ಹಂಗ ನೋಡೂದು ನನ್ನ ಕೆಲಸ." ಆ ವಯಸ್ಸಿಗೆ ಆ ಉತ್ತರ ನಮಗೆ ಸಪ್ಪೆ ಅನಿಸಿತ್ತು. ಶಾಲೆಯಲ್ಲಿ ಗೆಳೆಯರಿಗೆ ಹೇಳಿಕೊಳ್ಳಲು ಏನೂ ಸಿಗಲಿಲ್ಲವಲ್ಲ!

ಕಥೆ ಬೇಕು ಎಂದು ನಾವು ಹಟ ಮಾಡಿದಾಗ ಅಪ್ಪ ಹೇಳುತ್ತಿದ್ದದ್ದು ತಮ್ಮ ಕಥೆಯನ್ನಲ್ಲ, ತಮಗಿಂತ ಹಿರಿಯ ಫಿಟ್ಟರುಗಳಿಂದ ಕೇಳಿದ ಕಥೆಗಳನ್ನು. ಅದರಲ್ಲಿ ನಮಗೆ ಬಹಳ ಇಷ್ಟವಾಗಿದ್ದು ಲಿಬರೇಟರ್ ಕಥೆ. ದೊಡ್ಡವರಾದ ಮೇಲೆ ಪುಸ್ತಕಗಳಲ್ಲೂ ಓದಿದೆವು. ನಡೆದದ್ದೇ ಅದು.

ಎರಡನೇ ಮಹಾಯುದ್ಧ ಮುಗಿದಾಗ ಇಂಗ್ಲಿಷರ ಕೈಯಲ್ಲಿ ಅಮೆರಿಕದಿಂದ ಬಂದ ಬಿ-24 ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರುಗಳು ಬಹಳ ಇದ್ದವು. ಯುದ್ಧ ಮುಗಿದ ಮೇಲೆ ಅವನ್ನು ಬೇರೆಯವರು ಬಳಸಬಾರದು ಎಂಬ ಕರಾರು. ಹಾಗಾಗಿ ಕಾನ್ಪುರದ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ, ಬೇಕೆಂದೇ ಕೆಡಿಸಿದರು. ಮೀಟರುಗಳನ್ನು ಒಡೆದರು, ಎಂಜಿನ್ನಿಗೆ ಮರಳು ಹಾಕಿದರು, ಬುಲ್ಡೋಜರಿನಿಂದ ಜಜ್ಜಿದರು. ಗುಜರಿಗೆ ಹೋಗಬೇಕಾದ ಮಾಲು. ಸ್ವಾತಂತ್ರ್ಯ ಬಂತು, ಹಿಂದೆಯೇ ಕಾಶ್ಮೀರದ ಯುದ್ಧ ಬಂತು. ಹೊಸ ದೇಶಕ್ಕೆ ದೊಡ್ಡ ಬಾಂಬರುಗಳು ಬೇಕಾಗಿದ್ದವು, ಕೊಳ್ಳಲು ದುಡ್ಡಿರಲಿಲ್ಲ. ಆಗ ಕಣ್ಣು ಬಿದ್ದದ್ದು ಕಾನ್ಪುರದ ಆ ಗುಜರಿಯ ಮೇಲೆ. ಇದು 1948ರ ಮಾತು.

ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆಗ ಎಂಟು ವರ್ಷದ ಕೂಸು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಶುರುಮಾಡಿದ್ದು. ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳನ್ನು ರಿಪೇರಿ ಮಾಡಿ ಮಾಡಿ ಅಲ್ಲಿಯ ಕೆಲಸಗಾರರ ಕೈ ಪಳಗಿತ್ತು. ಅಲ್ಲಿಂದ ಒಂದು ತಂಡ ಕಾನ್ಪುರಕ್ಕೆ ಹೋಯಿತು. ಆ ತಂಡದ ಮುಂದಾಳು ಯಲ್ಲಪ್ಪ. ಇದ್ದುದರಲ್ಲಿ ಕಡಿಮೆ ಕೆಟ್ಟ ವಿಮಾನ ಆರಿಸುವುದು, ಒಂದರ ಬಿಡಿಭಾಗ ಕಿತ್ತು ಇನ್ನೊಂದಕ್ಕೆ ಜೋಡಿಸುವುದು, ಒಂದೇ ಒಂದು ಸಲ ಹಾರಿ ಬೆಂಗಳೂರು ಮುಟ್ಟುವಷ್ಟು ಗಟ್ಟಿ ಮಾಡುವುದು, ಇಷ್ಟು ಅವರ ಕೆಲಸ. ಆಮೇಲೆ ಎಚ್‌ಎಎಲ್‌ನ ಪೈಲಟ್ ಜಮಶೇದ್ ಮುನ್ಷಿ ಅವನ್ನು ಒಂದೊಂದಾಗಿ ಹಾರಿಸಿಕೊಂಡು ಬೆಂಗಳೂರಿಗೆ ತಂದರು. ಕಾನ್ಪುರದಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೂ ಸುಮಾರು 1,500 ಕಿಲೋಮೀಟರ್. ಬೆಂಗಳೂರಿನಲ್ಲಿ ಪೂರಾ ಬಿಚ್ಚಿ, ತೊಳೆದು, ಹೊಸದಾಗಿ ಕಟ್ಟಿದರು. ಹೀಗೆ ಗುಜರಿಯಿಂದ ಎದ್ದು ಬಂದವು ನಲವತ್ತಕ್ಕೂ ಹೆಚ್ಚು. 1948ರ ನವೆಂಬರ್ 2ರಂದು ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ವಿಮಾನಗಳಿಂದಲೇ ಶುರುವಾಯಿತು. 1968ರ ಕೊನೆಯವರೆಗೆ, ಅಂದರೆ ಇಪ್ಪತ್ತು ವರ್ಷ, ಅವು ಹಾರಿದವು. ಬೇರೆ ದೇಶಗಳಲ್ಲಿ ಲಿಬರೇಟರುಗಳನ್ನು ಯಾವತ್ತೋ ಕರಗಿಸಿ ಪಾತ್ರೆ ಮಾಡಿದ್ದರು. ಕೊನೆಗೆ ಇಂಗ್ಲೆಂಡಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂ, ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂ ತಮ್ಮದೇ ಕಾಲದ ಆ ವಿಮಾನಕ್ಕಾಗಿ ನಮ್ಮ ದೇಶಕ್ಕೆ ಬಂದು ಒಂದೊಂದು ಪಡೆದುಕೊಂಡು ಹೋದವು.

ಅಪ್ಪ ಈ ಕಥೆ ಮುಗಿಸುವಾಗ ನಮ್ಮ ಅಟ್ಲಾಸ್ ತೆಗೆಸಿ, ಕಾನ್ಪುರದಿಂದ ಬೆಂಗಳೂರಿಗೆ ಸ್ಕೇಲ್ ಇಡಿಸುತ್ತಿದ್ದರು. ಸ್ಕೇಲಿನ ಅಂಚು ನಮ್ಮ ಪಕ್ಕದ ಕರ್ನೂಲಿನ ಹತ್ತಿರವೇ ಹಾಯುತ್ತದೆ. ನೀವೂ ಇಟ್ಟು ನೋಡಿ. "ಪೈಲಟ್ ಹೆಸರು ಎಲ್ಲಾರೂ ಹೇಳ್ತಾರ. ಯಲ್ಲಪ್ಪನ ಹೆಸರು ನೀವರೆ ನೆನಪಿಟ್ಟುಕೋರಿ" ಎನ್ನುತ್ತಿದ್ದರು. ಪುಸ್ತಕದಲ್ಲಿ ಆ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. ಅಪ್ಪನಿಗೆ ಆ ಒಂದು ಸಾಲೇ ದೊಡ್ಡದು.

ಮತ್ತೊಬ್ಬರ ಹೆಸರನ್ನೂ ಹೇಳುತ್ತಿದ್ದರು. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಶುರುವಾದಾಗ ಇದ್ದದ್ದು ನಾಲ್ಕು ವಾಪಿಟಿ ವಿಮಾನ, ಬೆರಳೆಣಿಕೆಯ ಪೈಲಟ್‌ಗಳು ಮತ್ತು 'ಹವಾಯಿ ಸಿಪಾಯಿ' ಎನ್ನಿಸಿಕೊಂಡ ಕೆಲವೇ ಮೆಕ್ಯಾನಿಕ್‌ಗಳು. ಅವರಲ್ಲೊಬ್ಬರು ಹರ್ಜಿಂದರ್ ಸಿಂಗ್. ಲಾಹೋರಿನಲ್ಲಿ ಎಂಜಿನಿಯರಿಂಗ್ ಓದಿಯೂ ಸಿಪಾಯಿಯಾಗಿ ಸೇರಿದವರು. ಭಾರತೀಯರಿಗೆ ವಿಮಾನ ನೋಡಿಕೊಳ್ಳಲು ಬರುವುದಿಲ್ಲ ಎನ್ನುತ್ತಿದ್ದ ಕಾಲ ಅದು. ಅದೇ ಸಿಪಾಯಿ ಮುಂದೆ ಏರ್ ವೈಸ್ ಮಾರ್ಷಲ್ ಆಗಿ, ಕಾನ್ಪುರದಲ್ಲಿ ವಿಮಾನ ತಯಾರಿಸುವ ಕೆಲಸವನ್ನೇ ಮುಂದೆ ನಿಂತು ಮಾಡಿಸಿದರು. "ಸ್ಪ್ಯಾನರ್ ಹಿಡಿದ ಕೈ ಸಣ್ಣದಲ್ಲ" ಅನ್ನುವುದಕ್ಕೆ ಅಪ್ಪನ ಉದಾಹರಣೆ ಅವರು.

ಇನ್ನು ಮನೆಯ ಅಪ್ಪ. ವರ್ಷಕ್ಕೆ ಒಂದೆರಡು ಸಲ ರಜೆಗೆ ಬರುವ ಅಪ್ಪ. ಅವ್ವ ಮದುವೆಯಾಗಿ ಎರಡು ವರ್ಷ ರಾಜೋಳಿಯಲ್ಲೇ ಇದ್ದರು. ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು, ಮುತ್ತಿನಂಥ ಕನ್ನಡ ಅಕ್ಷರ, ಮೂಲೆ ಮೂಲೆಗೂ ಬರೆದು ಜಾಗ ಉಳಿಯದಂತೆ. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಓಣಿಯ ಹುಡುಗನ ಕೈಲಿ ಓದಿಸುವುದು ನಾಚಿಕೆ. ಹಾಗಾಗಿ ಅಪ್ಪ ರಜೆಗೆ ಬಂದಾಗಲೆಲ್ಲ ಕುಳಿತು ಅವ್ವನಿಗೆ ಅಕ್ಷರ ಕಲಿಸಿದರು. ಮೂರನೇ ರಜೆ ಮುಗಿಸಿ ಹೋದ ಮೇಲೆ ಅವ್ವ ತಾನೇ ಒಂದು ಪತ್ರ ಬರೆದರು. ಅದರಲ್ಲಿದ್ದದ್ದು ಒಂದೇ ಸಾಲು: "ನಿಮ್ಮ ಪತ್ರ ನಾನೇ ಓದಿದೆ." ಅಪ್ಪ ಆ ಪತ್ರವನ್ನು ಸಾಯುವವರೆಗೂ ಪಾಕೀಟಿನಲ್ಲಿ ಇಟ್ಟುಕೊಂಡಿದ್ದರು. ನಮ್ಮ ಮನೆಯ ಮೊದಲ ಕನ್ನಡ ಶಾಲೆ ಅದೇ ಅನ್ನಬೇಕು.

1984ರಲ್ಲಿ ಸಾರ್ಜೆಂಟ್ ಆಗಿ ನಿವೃತ್ತರಾಗಿ ಊರಿಗೆ ಬಂದರು. ನಮ್ಮಿಬ್ಬರನ್ನೂ ಕರ್ನೂಲಿನ ಇಂಗ್ಲಿಷ್ ಶಾಲೆಗೆ ಹಾಕು ಎಂದು ಬಂಧುಗಳೆಲ್ಲ ಹೇಳಿದರು. ಅಪ್ಪ ನಮ್ಮನ್ನು ಕನ್ನಡ ಮಾಧ್ಯಮಕ್ಕೇ ಹಾಕಿದರು. ಇಂಗ್ಲಿಷ್ ಬೇಡ ಎಂದು ಅವರು ಎಂದೂ ಹೇಳಿದವರಲ್ಲ. ರಾತ್ರಿ ಕೂರಿಸಿ ತಾವೇ ಹೇಳಿಕೊಡುತ್ತಿದ್ದರು. "ಮೊದ್ಲು ತಿಳೀಬೇಕು, ಆಮ್ಯಾಲೆ ಬಾಯಿಗೆ ಬರಬೇಕು. ಬಾಯಿಗೆ ಬಂದು ತಿಳೀಲಿಲ್ಲಂದ್ರ ಎಂಜಿನ್ ಸುಡ್ತದ" ಎಂಬುದು ಅವರ ಶಿಕ್ಷಣಶಾಸ್ತ್ರ. ನಾವು ಟ್ರೇನಿಂಗಿನಲ್ಲಿ ಓದಿದ ದಪ್ಪ ಪುಸ್ತಕಗಳು ಇದಕ್ಕಿಂತ ಹೆಚ್ಚೇನೂ ಹೇಳಲಿಲ್ಲ.

ಊರಲ್ಲಿ ಪಂಪ್‌ಸೆಟ್ ಡೀಸೆಲ್ ಎಂಜಿನ್ ರಿಪೇರಿಯ ಒಂದು ಸಣ್ಣ ಅಂಗಡಿ ಇಟ್ಟರು. ಅಲ್ಲಿ ಒಂದು ಖಾಕಿ ಬಟ್ಟೆ ಹಾಸಿರುತ್ತಿತ್ತು. ಅದರ ಮೇಲೆ ಒಂದೊಂದು ಸ್ಪ್ಯಾನರು, ಇಕ್ಕಳ, ಸ್ಕ್ರೂಡ್ರೈವರಿನ ಆಕಾರವನ್ನು ಬಣ್ಣದಲ್ಲಿ ಬರೆದಿದ್ದರು. ಕೆಲಸಕ್ಕೆ ಮುಂಚೆ ಎಣಿಕೆ, ಕೆಲಸ ಮುಗಿದ ಮೇಲೆ ಎಣಿಕೆ. ಯಾವುದಾದರೂ ಆಕಾರ ಖಾಲಿ ಇದ್ದರೆ ಎಂಜಿನ್ ಸ್ಟಾರ್ಟ್ ಮಾಡುವ ಹಾಗಿಲ್ಲ. ಹೊಲಕ್ಕೆ ನೀರು ಬಿಡುವ ಎಂಜಿನ್ನಿಗೆ ಇಷ್ಟೊಂದು ಯಾಕೆ ಎಂದು ರೈತರು ನಗುತ್ತಿದ್ದರು. ಅಪ್ಪ ಒಂದು ಚೀಟಿಯಲ್ಲಿ ಏನೇನು ಮಾಡಿದೆ ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿ ಕೊಡುತ್ತಿದ್ದರು. ಅವರು ಆ ಚೀಟಿಯನ್ನು ಬೀಡಿ ಹಚ್ಚಲು ಬಳಸುತ್ತಿದ್ದರು. ಅಪ್ಪ ಮಾತ್ರ ಬರೆದು ಕೊಡುವುದನ್ನು ಬಿಡಲಿಲ್ಲ.

2009ರ ಅಕ್ಟೋಬರ್ 2. ನಮ್ಮ ಕಡೆಯವರಾರೂ ಆ ದಿನ ಮರೆಯುವುದಿಲ್ಲ. ತುಂಗಭದ್ರೆ ಸುಂಕೇಸುಲ ಒಡ್ಡು ಮೀರಿ ಹರಿದು ರಾಜೋಳಿಯನ್ನು ಮುಳುಗಿಸಿತು. ಮಗ್ಗದ ಗುಂಡಿಗಳಲ್ಲಿ ಕೆಸರು ತುಂಬಿತು. ಕರ್ನೂಲು ಪಟ್ಟಣವೇ ನೀರಲ್ಲಿ ನಿಂತಿತು. ನಮ್ಮ ಮನೆ ಬಿತ್ತು. ಅಪ್ಪನ ಟ್ರಂಕು, ಅದರಲ್ಲಿದ್ದ ತಾಂಬರಂ ನೋಟ್‌ಬುಕ್ ಹೊಳೆಪಾಲಾಯಿತು. ಎತ್ತರದ ಜಾಗದಲ್ಲಿ ಜನರ ನಡುವೆ ಕುಳಿತಿದ್ದಾಗ ಕರ್ನೂಲಿನ ಕಡೆಗೆ ವಾಯುಪಡೆಯ ಹೆಲಿಕಾಪ್ಟರಿನ ಸದ್ದು ಕೇಳಿತು. ಎಲ್ಲರೂ ಮೇಲೆ ನೋಡಿದರು. ಅಪ್ಪ ಕಣ್ಣು ಮುಚ್ಚಿ ಸದ್ದು ಮಾತ್ರ ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಹೇಳಿದರು: "ಇದನ್ನ ಮ್ಯಾಲೆ ಬಿಟ್ಟಾವ ಯಾರೋ ಒಬ್ಬ ಅಲ್ಲೆ ಕೆಳಗ ನಿಂತಿರ್ತಾನ. ಇದು ತಿರುಗಿ ಬರೂತನ ಚಹಾ ಕುಡಿಯಾಂಗಿಲ್ಲ ಅಂವ." ಮನೆ ಕಳೆದುಕೊಂಡ ದಿನವೂ ಅಪ್ಪನ ಯೋಚನೆ ಆ ಕಾಣದ ಮನುಷ್ಯನ ಮೇಲಿತ್ತು.

ಈಗ ನಾವು ಹೇಳಲೇಬೇಕೆಂದಿದ್ದ ವಿಷಯಕ್ಕೆ ಬರುತ್ತೇವೆ.

2013ರ ಮಾತು. ಆಗ ನಾವಿಬ್ಬರೂ ಗಡಿಯ ಒಂದು ಹಳ್ಳಿಯ ಒಂದೇ ಕನ್ನಡ ಶಾಲೆಯಲ್ಲಿದ್ದೆವು. ದಸರೆ ಮುಗಿಯುತ್ತಿದ್ದಂತೆ ನಮ್ಮ ಕಡೆಯ ಅರ್ಧ ಊರು ದುಡಿಯಲು ಹೈದರಾಬಾದಿಗೋ ಮುಂಬೈಗೋ ಹೋಗುತ್ತದೆ, ಮಕ್ಕಳನ್ನೂ ಕರೆದುಕೊಂಡು. ನಿಮಗೆಲ್ಲ ಗೊತ್ತಿದ್ದದ್ದೇ. ಆ ವರ್ಷ ಹನ್ನೊಂದು ಮಕ್ಕಳು ಹೋದರು. ಮಕ್ಕಳ ಸಂಖ್ಯೆ ಇಳಿದರೆ ಹುದ್ದೆ ಹೋಗುತ್ತದೆ. ಹುದ್ದೆ ಹೋದರೆ ಕನ್ನಡ ಮಾಧ್ಯಮವೇ ಹೋದೀತು ಎಂಬ ಭಯ. ಒಮ್ಮೆ ಮುಚ್ಚಿದ್ದು ಮತ್ತೆ ತೆರೆಯುವುದಿಲ್ಲ. ಹಾಗಾಗಿ ನಾವು ಆ ಹನ್ನೊಂದು ಹೆಸರುಗಳ ಮುಂದೆ ಹಾಜರಿ ಹಾಕುತ್ತಾ ಬಂದೆವು. ನಮಗಾಗಿ ಅಲ್ಲ, ಭಾಷೆಗಾಗಿ ಎಂದು ಸಮಾಧಾನ ಮಾಡಿಕೊಂಡೆವು. ತಿಂಗಳ ಕೊನೆಗೆ ರಿಜಿಸ್ಟರ್ ಮನೆಗೆ ತಂದು ಲೆಕ್ಕ ಕೂಡಿಸುತ್ತಿದ್ದಾಗ ಅಪ್ಪ ಪಕ್ಕದಲ್ಲಿ ಕುಳಿತಿದ್ದರು. ಒಂದು ಹೆಸರು ನೋಡಿ, "ಈ ಹುಡುಗನ ಅಜ್ಜ ನಿನ್ನೆ ಅಂಗಡಿಗೆ ಬಂದಿದ್ದ. ಮೊಮ್ಮಗ ಹೈದರಾಬಾದಿನಾಗ ಅದಾನಂದ" ಎಂದರು.

ನಾವು ಇದ್ದದ್ದು ಇದ್ದ ಹಾಗೆ ಹೇಳಿದೆವು. ಅಪ್ಪ ಬೈಯುತ್ತಾರೆ ಎಂದುಕೊಂಡಿದ್ದೆವು. ಬೈಯಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, ನಾವು ಎಂದೂ ಕೇಳಿರದ ಒಂದು ಕಥೆ ಹೇಳಿದರು.

ವಾಯುಪಡೆಯಲ್ಲಿ ಪ್ರತಿ ವಿಮಾನಕ್ಕೂ ಒಂದು ಪುಸ್ತಕ ಇರುತ್ತದೆ, ಫಾರ್ಮ್ 700 ಅಂತ. ಹಾರುವ ಮುಂಚೆ ಎಂಜಿನ್ ನೋಡಿದವನು, ಬಾಡಿ ನೋಡಿದವನು, ಕರೆಂಟ್ ನೋಡಿದವನು, ಒಬ್ಬೊಬ್ಬರೂ ತಮ್ಮ ತಮ್ಮ ಕೆಲಸಕ್ಕೆ ಸಹಿ ಹಾಕಬೇಕು. ಪೈಲಟ್ ಅದನ್ನು ಓದಿ, ತಾನೂ ಸಹಿ ಮಾಡಿ ವಿಮಾನವನ್ನು ವಶಕ್ಕೆ ಪಡೆಯುತ್ತಾನೆ. ಎಂಜಿನ್ ಬಿಚ್ಚಿ ನೋಡಲು ಅವನಿಗೆ ಹೊತ್ತೆಲ್ಲಿ? ಅವನು ಜೀವ ಇಡುವುದು ಆ ಸಹಿಗಳ ಮೇಲೆ.

1971ರ ಡಿಸೆಂಬರ್. 3ನೇ ತಾರೀಖು ಸಂಜೆ ಪಾಕಿಸ್ತಾನ ನಮ್ಮ ವಿಮಾನ ನೆಲೆಗಳ ಮೇಲೆ ದಾಳಿ ಮಾಡಿ ಯುದ್ಧ ಶುರುವಾಯಿತು. ಅಪ್ಪ ಪಂಜಾಬಿನಲ್ಲಿದ್ದರು. ರಾತ್ರಿಯೆಲ್ಲ ಬ್ಲ್ಯಾಕ್‌ಔಟ್, ಟಾರ್ಚಿಗೆ ನೀಲಿ ಕಾಗದ ಸುತ್ತಿಕೊಂಡು ಕೆಲಸ, ಕೈ ಮರಗಟ್ಟುವ ಚಳಿ, ಮೂರು ದಿನದಿಂದ ನಿದ್ದೆಯಿಲ್ಲ. ಬೆಳಗಿನ ಜಾವ ಒಂದು ನ್ಯಾಟ್ ತಯಾರಾಗಬೇಕಿತ್ತು. ಜೊತೆಗಾರ "ಟೂಲ್ ಎಣಿಸೀನಿ, ಸರಿ ಅವ" ಅಂದ. ಅಪ್ಪ ತಾವು ಎಣಿಸದೆ ಸಹಿ ಹಾಕಿದರು. ವಿಮಾನ ಹೋಯಿತು. ಆಮೇಲೆ ಬಟ್ಟೆ ನೋಡಿದರೆ ಒಂದು ಸ್ಕ್ರೂಡ್ರೈವರ್ ಇಲ್ಲ.

"ಅದು ಎಂಜಿನ್ ಹತ್ರ ಉಳಿದಿದ್ರ, ಮ್ಯಾಲೆ ವಿಮಾನ ಮಗುಚಿದಾಗ ಜಾರಿ ಕಂಟ್ರೋಲ್ ರಾಡಿನಾಗ ಸಿಕ್ರ ಮುಗೀತು. ಓಡಿ ಹೋಗಿ ಹೇಳಿದ್ರ ರೇಡಿಯೋದಾಗ ವಾಪಸ್ ಕರೀತಾರ. ನನ್ನ ನೌಕರಿ ಹೋಗ್ತದ, ಜೈಲೂ ಆಗಬಹುದು. ಯುದ್ಧದ ಕಾಲ ಅದು. ಊರಾಗ ನಿಮ್ಮಜ್ಜ, ಅಜ್ಜಿ, ಇಬ್ರು ತಂಗೇರ ಮದಿವಿ... ನಾನು ನಿಂತೇ ಇದ್ದೆ. ಹತ್ತು ನಿಮಿಷ. ಆಮ್ಯಾಲೆ ಓಡಿ ಹೋಗಿ ಹೇಳಿದೆ."

ಹೇಳುತ್ತಿದ್ದಂತೆ ಜೊತೆಗಾರ ಓಡಿ ಬಂದನಂತೆ. ಸ್ಕ್ರೂಡ್ರೈವರ್ ಅವನ ಕೋಟಿನ ಜೇಬಿನಲ್ಲೇ ಇತ್ತು. ವಿಮಾನ ಹೊತ್ತಿಗೆ ಸರಿಯಾಗಿ ತಿರುಗಿ ಬಂತು. ಪೈಲಟ್ ಇಳಿದು, ಏನೂ ಗೊತ್ತಿಲ್ಲದೆ, ಅಪ್ಪನ ಹೆಗಲು ತಟ್ಟಿ ಹೋದ. ಶಿಕ್ಷೆಯಾಗಿ ಬೈಗುಳ ಬಿತ್ತು, ಅಷ್ಟೇ.

"ಎಣಿಸದೆ ಸಹಿ ಹಾಕಿದ್ದು ತಪ್ಪು, ಖರೆ. ಆದ್ರ ಅದು ನಿದ್ದಿಗಣ್ಣಿನ ತಪ್ಪು. ನನ್ನನ್ನ ನಲವತ್ತು ವರ್ಷ ತಿಂದದ್ದು ಆ ಹತ್ತು ನಿಮಿಷ. ಗೊತ್ತಿದ್ದೂ ಸುಮ್ನ ನಿಂತದ್ದು. ನಾನೂ ಮನಿ ಸಲುವಾಗೇ ಸುಮ್ನಿದ್ದೆ. ಆ ಪೈಲಟ್‌ಗೂ ಮನಿ ಇತ್ತು." ಅಷ್ಟು ಹೇಳಿ ಅಪ್ಪ ಎದ್ದು ಒಳಗೆ ಹೋದರು. ರಿಜಿಸ್ಟರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಖಾಕಿ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದ ಆ ಸ್ಕ್ರೂಡ್ರೈವರಿನ ಆಕಾರ ಯಾಕೆಂದು ನಮಗೆ ಅವತ್ತು ತಿಳಿಯಿತು.

ಆ ರಾತ್ರಿ ನಾವಿಬ್ಬರೂ ಮಲಗಲಿಲ್ಲ. ಅಪ್ಪನದು ವಿಮಾನ, ಜೀವದ ಪ್ರಶ್ನೆ. ನಮ್ಮದು ಬರೀ ಹಾಜರಿ ಪುಸ್ತಕ, ಇದರಿಂದ ಯಾರು ಸಾಯುತ್ತಾರೆ ಎಂದು ತಮ್ಮ ವಾದ ಮಾಡಿದ. ಅಕ್ಕ ಹೇಳಿದಳು: ಹೈದರಾಬಾದಿನ ಇಟ್ಟಿಗೆ ರಾಶಿಯ ಪಕ್ಕ ಕುಳಿತ ಹುಡುಗ ನಮ್ಮ ಪುಸ್ತಕದಲ್ಲಿ ದಿನಾ ಶಾಲೆಗೆ ಬರುತ್ತಿದ್ದಾನೆ. ಶಾಲೆಯಲ್ಲಿ ಇದ್ದಾನೆ ಎಂದ ಮೇಲೆ ಅವನನ್ನು ಹುಡುಕುವವರು ಯಾರು? ವಾದ ಅಲ್ಲಿಗೆ ನಿಂತಿತು.

ಮರುದಿನ ಇದ್ದದ್ದನ್ನು ಇದ್ದ ಹಾಗೆ ಬರೆದು, ಗೈರುಹಾಜರಾದ ಮಕ್ಕಳ ಪಟ್ಟಿ ಮಾಡಿ ಮೇಲಿನವರಿಗೆ ಕಳಿಸಿದೆವು. ಹನ್ನೊಂದೂ ಮನೆಗಳಿಗೆ ಹೋದೆವು. ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಮಾತಾಡಿದೆವು. ಮೂವರು ಮಕ್ಕಳು ಸಂಕ್ರಾಂತಿಯ ಹೊತ್ತಿಗೆ ಅಜ್ಜಿಯ ಮನೆಗೆ ವಾಪಸ್ ಬಂದರು. ಎಂಟು ಮಕ್ಕಳು ಆ ವರ್ಷ ಬರಲಿಲ್ಲ. ಸಂಖ್ಯೆ ಇಳಿಯಿತು, ಮುಂದಿನ ವರ್ಷ ಒಂದು ಹುದ್ದೆ ಹೋಯಿತು, ನಮ್ಮಲ್ಲಿ ತಮ್ಮನಿಗೆ ಬೇರೆ ಊರಿಗೆ ವರ್ಗವಾಯಿತು. ಒಳ್ಳೆಯದು ಮಾಡಿದ್ದಕ್ಕೆ ಒಳ್ಳೆಯದೇ ಆಯಿತು ಎಂದು ಹೇಳುವ ಕಥೆ ಇದಲ್ಲ. ನಾವು ಮಾಡಿದ್ದು ಕನ್ನಡಕ್ಕೆ ನಷ್ಟ ಎಂದು ಬೈದವರೂ ಇದ್ದಾರೆ. ಅವರ ಭಯ ಸುಳ್ಳಲ್ಲ. ಆದರೆ ಇಲ್ಲದ ಮಕ್ಕಳ ಹೆಸರಿನ ಮೇಲೆ ನಿಂತ ಕನ್ನಡ ಶಾಲೆ ಎಷ್ಟು ದಿನ ನಿಂತೀತು, ನೀವೇ ಹೇಳಿ.

ಗಡಿಯಲ್ಲಿ ಕನ್ನಡ ಉಳಿಸುವುದು ಅಂದರೆ ಭಾಷಣ, ಬಾವುಟ ಎಂದು ನಾವೂ ಒಂದು ಕಾಲಕ್ಕೆ ತಿಳಿದಿದ್ದೆವು. ಈಗ ಹಾಗನಿಸುವುದಿಲ್ಲ. ಅದೂ ಒಂದು ನಮೂನೆ ಮೆಕ್ಯಾನಿಕ್ ಕೆಲಸವೇ. ಯಾರ ಕಣ್ಣಿಗೂ ಕಾಣಿಸುವುದಿಲ್ಲ, ದಿನಾ ಮಾಡಬೇಕು, ಮಾಡಿದ್ದಕ್ಕೆ ಮಾತ್ರ ಸಹಿ ಹಾಕಬೇಕು. ನಿಮ್ಮ ಊರಿನಲ್ಲೂ ಇಂಥ ಹಳೇ ಫಿಟ್ಟರು, ಲೈನ್‌ಮ್ಯಾನು, ರೈಲ್ವೆ ಕೆಲಸದವರು ಯಾರಾದರೂ ಇರುತ್ತಾರೆ. ಒಂದು ದಿನ ಶಾಲೆಗೆ ಕರೆದು ಮಕ್ಕಳ ಎದುರು ಕೂರಿಸಿ. ಅವರ ನೋಟ್‌ಬುಕ್ ಹೊಳೆಗೆ ಹೋಗುವ ಮುಂಚೆ.

ಅಪ್ಪನ ಖಾಕಿ ಬಟ್ಟೆ ಈಗ ನಮ್ಮ ಬಳಿ ಇದೆ. ಆ ವಿಮಾನದ ಚಿತ್ರದ ಹುಡುಗ ಮರುದಿನ ಚಿತ್ರವನ್ನು ತಿದ್ದಿಕೊಂಡು ಬಂದ. ಗುಡ್ಡದ ಕೆಳಗೆ ಒಬ್ಬ ಸಣ್ಣ ಮನುಷ್ಯ, ಕೈಯಲ್ಲಿ ಸ್ಪ್ಯಾನರ್, ತಲೆ ಎತ್ತಿ ಮೇಲೆ ನೋಡುತ್ತಿದ್ದಾನೆ. ಚಿತ್ರವನ್ನು ಗೋಡೆಗೆ ಅಂಟಿಸಿ, ಹಾಜರಿ ತೆಗೆದುಕೊಂಡೆವು. ಸಹಿ ಹಾಕುವ ಮುಂಚೆ ತಲೆ ಎತ್ತಿ ಮಕ್ಕಳನ್ನು ಇನ್ನೊಂದು ಸಲ ಎಣಿಸಿದೆವು.